ತಿದ್ದದೆ ತೆಗೆದ ಬಾಲದ ಚುಕ್ಕಿ

ತಾವರಗೇರಾದ ಪ್ರಭುರಾಜನ ಸ್ಟುಡಿಯೊಗೆ ಕಪ್ಪಗೆ ಹೋದವರು ಬೆಳ್ಳಗಾಗಿ ಬರುತ್ತಿದ್ದರು. ತಳಕಲ್ ಊರಿನ ಮದುವೆಯ ಬೀಗರ ಹಿಂದೆ ಹಿಮದ ಬೆಟ್ಟ ಎದ್ದು ನಿಲ್ಲುತ್ತಿತ್ತು. ಮಗಳ ಮದುವೆಯ ಅಕ್ಕಿಕಾಳಿನತನಕ ಬದುಕದ ಅಪ್ಪ ಫೋಟೊದಲ್ಲಿ ಹೊಸ ಪಟಗ ಸುತ್ತಿಕೊಂಡು ಅಳಿಯನ ಪಕ್ಕ ನಿಂತಿರುತ್ತಿದ್ದ. ಜನ ಇದನ್ನೇ ಬೇಡಿ ಬರುತ್ತಿದ್ದರು, ಕೊಂಡಾಡುತ್ತಿದ್ದರು. ಸುಳ್ಳು ಹೇಳಿ ಹೊಟ್ಟೆ ಹೊರೆಯುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಇವನ ಸುಳ್ಳಿಗೆ ಮಾತ್ರ ಕಟ್ಟು ಹಾಕಿಸಿ ಊದಿನಕಡ್ಡಿ ಬೆಳಗುತ್ತಿದ್ದರು.

ಅವನ ಅಪ್ಪ ಕಳಕಪ್ಪ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದ. ಕಣ್ಣಿಗೂ ಪೊರೆ ಬಂದಿತ್ತು. ಹುಡುಗನಾಗಿದ್ದಾಗ ಜೋಳದ ಹೊಲ ಕಾಯಲು ಹೋಗಿ ನಸುಕಿನಲ್ಲಿ ಬಾಲದ ಚುಕ್ಕಿ ಕಂಡವನು ಆತ. ಅದನ್ನು ಹೇಳಿ ಹೇಳಿ ಊರಲ್ಲಿ ‘ಚುಕ್ಕಿ ಕಳಕಪ್ಪ’ ಎಂದೇ ಹೆಸರು ಬಿದ್ದಿತ್ತು. ೨೦೨೪ರ ಅಕ್ಟೋಬರಿನಲ್ಲಿ ಟಿವಿಯವರು ಧೂಮಕೇತು ಬಂದಿದೆ ಅಂದದ್ದೇ ತಡ, ಮುದುಕ ಮಗನ ಕೈ ಹಿಡಿದುಕೊಂಡ.

“ಹೊತ್ಗೊಂಡು ಹೊರಗ ಒಯ್ದ್ರೂ ಈ ಕಣ್ಣಿಗೆ ಕಾಣಂಗಿಲ್ಲೋ ತಮ್ಮಾ. ದೊಡ್ಡದೊಂದು ಫೋಟೊ ತಗದು ತೋರ್ಸು. ಇನ್ನೊಮ್ಮಿ ನೋಡಿ ಕಣ್ಣ ಮುಚ್ತೀನಿ.”

ಮಗನ ಕಸುಬನ್ನು ಕಸುಬೆಂದೇ ಎಣಿಸದಿದ್ದ ಅಪ್ಪ, ಮೊದಲ ಸಲ ಅವನಿಂದ ಏನನ್ನೋ ಕೇಳಿದ್ದ. ಪ್ರಭುರಾಜನ ಎದೆ ತುಂಬಿ ಬಂತು. ಇದೊಂದನ್ನಾದರೂ ಖರೇ ತೆಗೆದು ಕೊಡಬೇಕು, ಚೂರೂ ತಿದ್ದಬಾರದು ಎಂದು ಆಣೆ ಮಾಡಿಕೊಂಡ.

ಮದುವೆ ಮನೆಯ ದೀಪದಲ್ಲಿ ಪಳಗಿದ ಕೈಗೆ ಆಕಾಶ ಹೊಸದು. ಹೊತ್ತು ಮುಳುಗುವಾಗ ಊರ ಹೊರಗಿನ ಗುಡ್ಡ ಹತ್ತಿ ಪಡುವಣಕ್ಕೆ ಕ್ಯಾಮೆರಾ ನಿಲ್ಲಿಸುತ್ತಿದ್ದ. ಮೊದಮೊದಲು ಬರೀ ಮೋಡ. ಮೋಡ ಸರಿದ ದಿನ ಗಾಳಿಗೆ ಕ್ಯಾಮೆರಾ ಅಲುಗಿ ಚುಕ್ಕಿಗಳೆಲ್ಲ ಶಾವಿಗೆ ಎಳೆಗಳಾದವು. ಸ್ಟ್ಯಾಂಡಿಗೆ ಕಲ್ಲಿನ ಚೀಲ ಕಟ್ಟಿದರೆ, ಎದುರಿನ ಬಯಲಿನ ಗಾಳಿಯಂತ್ರಗಳ ಕೆಂಪು ದೀಪ ಚಿತ್ರದ ತುಂಬ ಹರಡಿತು. ಕೊನೆಗೊಂದು ಸಂಜೆ, ಎರಡು ಗಾಳಿಯಂತ್ರಗಳ ನಡುವೆ ಅದು ಸಿಕ್ಕಿತು: ಮಸುಕು ತಲೆ, ಮೇಲಕ್ಕೆ ಚಾಚಿದ ತೆಳ್ಳನೆಯ ಬಾಲ. ಪ್ರಭುರಾಜ ಅಲ್ಲೇ ಕುಳಿತು ಅತ್ತುಬಿಟ್ಟ. ಮೂಲೆಯಲ್ಲೊಂದು ಕೆಂಪು ಕಲೆ ಉಳಿದಿತ್ತು. ಅಳಿಸುವುದು ಅವನಿಗೆ ಎಡಗೈ ಕೆಲಸ, ಅಳಿಸಲಿಲ್ಲ.

ದೊಡ್ಡ ಪ್ರಿಂಟು ಹಾಕಿಸಿಕೊಂಡು ಮನೆಗೆ ಬರುವಾಗ ತಡೆಯಲಾರದೆ ಚಹಾದಂಗಡಿಯ ನೂರಸಾಬನಿಗೆ ತೋರಿಸಿದ.

“ವಾಹ್ ಪ್ರಭಣ್ಣ, ಛಲೋ ಕುಂದ್ರಿಸೀರಿ. ಬಾಲ ಇನ್ನೊಂದೀಟು ಉದ್ದ ಮಾಡಬೇಕಿತ್ತು ನೋಡ್ರಿ.”

“ಸಾಬ್ರ, ಇದು ಖರೇದೈತ್ರಿ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. “ಸತ್ತ ನಮ್ಮ ಮಾವ ನನ್ನ ಮದಿವ್ಯಾಗ ನಿಂತದ್ದೂ ಖರೇನ ಬಿಡ್ರಿ!” ಎಂದ ಒಬ್ಬ. ಊರ ಬಾಯಿಗೆ ಬೀಗ ಹಾಕಲಾದೀತೇ? ಅಪ್ಪ ನೋಡಿದರೆ ಸಾಕು ಎಂದುಕೊಂಡು ಪ್ರಭುರಾಜ ಮನೆಯ ದಾರಿ ಹಿಡಿದ.

ಕಳಕಪ್ಪ ಪ್ರಿಂಟನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಬಾಲದ ಮೇಲೆ ಬೆರಳಾಡಿಸಿದ. ಆಮೇಲೆ ಮೆಲ್ಲಗೆ ಪಕ್ಕಕ್ಕಿಟ್ಟ.

“ಛಲೋ ಮಾಡೀಯಪ್ಪಾ.”

“ನಾ ಮಾಡಿದ್ದಲ್ಲಪಾ. ಆಕಾಶದಾಗ ಇದ್ದದ್ದು. ಖರೇನ ಐತಿ.”

ಮುದುಕ ಎದುರಿನ ಗೋಡೆಯ ಕಡೆ ನೋಡಿದ. ಅಲ್ಲಿ ಹೆಂಡತಿ ಪಾರ್ವತೆಮ್ಮನ ಫೋಟೊ ಇತ್ತು. ಬದುಕಿದ್ದಾಗ ಆಕೆ ಒಂದೂ ತೆಗೆಸಿಕೊಂಡಿರಲಿಲ್ಲ. ಊರಿಗೆಲ್ಲ ಫೋಟೊ ತೆಗೆಯುವವನ ತಾಯಿಗೇ ಫೋಟೊ ಇರಲಿಲ್ಲ. ಮಣ್ಣಿಗೆ ಒಯ್ಯುವ ಮುನ್ನ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದಾಗ ಮಗ ತೆಗೆದದ್ದು ಅದು.

“ಮುಚ್ಚಿದ್ದ ನಿಮ್ಮವ್ವನ ಕಣ್ಣ ತೆರಸಿ ಗ್ವಾಡಿಗೆ ಹಾಕೀದಿ,” ಎಂದ ಕಳಕಪ್ಪ. “ಅಂಥಾವಗ ಒಂದ ಚುಕ್ಕಿ ಏನ ದೊಡ್ಡದು?”

ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಪ್ರಭುರಾಜ ಜಗಳವನ್ನಾದರೂ ಆಡುತ್ತಿದ್ದ. ಮುದುಕ ಮಗನ ತಲೆ ಸವರಿದ.

“ನನ್ನ ಸಮಾಧಾನಕ್ಕ ಇಷ್ಟೆಲ್ಲಾ ಮಾಡೀದಿ. ಸಾಕ ಬಿಡು ತಮ್ಮಾ.”