ಸಂಜೆಯವರೆಗೂ ಕೂತು ನೋಡಿದ ಮನೆಗಳು

ತುಮಕೂರಿನ ರಾಮಮೂರ್ತಿ ನಿವೃತ್ತರಾದ ಮೇಲೆ ಮಗ ಸೂರಜ್, ಸೊಸೆ ಧನಶ್ರೀ ಜೊತೆ ಕೊಯಮತ್ತೂರಿನ ಸಿಂಗಾನಲ್ಲೂರು ಬಡಾವಣೆಯ ಬಾಡಿಗೆ ಮನೆಯಲ್ಲಿದ್ದರು. ಮಗನಿಗೆ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ, ಸೊಸೆ ಕೊಯಮತ್ತೂರಿನ ಕಾಲೇಜಿನಲ್ಲಿ ಉಪನ್ಯಾಸಕಿ. ಮನೆಯ ಮಾಲೀಕರು ಮನೆ ತಮ್ಮ ಮಗಳಿಗೆ ಬೇಕು ಎಂದಾಗ ಮಗ ಸೊಸೆ ಮೊಬೈಲಿನಲ್ಲಿ ಮನೆಗಳ ಫೋಟೋ ನೋಡತೊಡಗಿದರು.

“ಫೋಟೋದಲ್ಲಿ ವಾಸನೆ ಬರಲ್ಲ, ಸದ್ದೂ ಕೇಳಲ್ಲ. ನಾನು ಹೋಗಿ ನೋಡ್ಕೊಂಡು ಬರ್ತೀನಿ,” ಎಂದರು ರಾಮಮೂರ್ತಿ.

ಕರೆಂಟ್ ಮೀಟರ್ ಓದುವ ಕೆಲಸದಲ್ಲಿ ಅವರು ಊರಿನ ಮನೆಮನೆಯನ್ನೂ ಕಂಡಿದ್ದರು. ಆದರೆ ಯಾವ ಮನೆಯ ಮುಂದೆಯೂ ಎರಡು ನಿಮಿಷಕ್ಕಿಂತ ಹೆಚ್ಚು ನಿಂತವರಲ್ಲ. ಒಳಗಿನವರ ದಿನ ಹೇಗೆ ಸಾಗುತ್ತದೋ ಎಂಬ ಕುತೂಹಲ ಅವರಿಗೆ ಹಾಗೇ ಉಳಿದುಬಿಟ್ಟಿತ್ತು.

ಮೊದಲು ಹೋದದ್ದು ಇಬ್ಬರ ಕೆಲಸದ ಊರುಗಳ ನಡುವಿನ ಪಲ್ಲಡಂಗೆ. ದಳ್ಳಾಳಿ ಷಣ್ಮುಗಂ ಹೊಸ ಮನೆಯೊಂದನ್ನು ತೋರಿಸಿದ. ಗಾಳಿ, ಬೆಳಕು, ಹಿತ್ತಲಲ್ಲಿ ಬೇವಿನ ಮರ, ಎಲ್ಲ ಇತ್ತು. “ಸಂಜೆವರೆಗೂ ಜಗಲಿ ಮೇಲೆ ಕೂತಿರ್ತೀನಿ,” ಎಂದು ತಮಿಳು ಬಾರದ ಇವರು ಕೈಸನ್ನೆ ಮಾಡಿ ಹೇಳಿದಾಗ ಆತ ತಲೆ ಕೆರೆದುಕೊಂಡು ಹೊರಟುಹೋದ. ಪಕ್ಕದ ಬೀದಿಯ ಮಗ್ಗಗಳ ಸದ್ದು ರಾಮಮೂರ್ತಿಯವರಿಗೆ ಹಿತವಾಗಿಯೇ ಕೇಳಿಸಿತು. ನಾಲ್ಕರ ಹೊತ್ತಿಗೆ ಗಾಳಿ ತಿರುಗಿ ಕೋಳಿ ಫಾರಮ್ಮಿನ ವಾಸನೆ ಹೊತ್ತು ತಂದಿತು. ಪಕ್ಕದ ಮನೆಯಾಕೆಯನ್ನು ಮೂಗು ಮುಚ್ಚಿ ತೋರಿಸಿ ವಿಚಾರಿಸಿದರು. ಆಕೆ ಗಾಳಿಯನ್ನು ಎಳೆದುಕೊಂಡು ಮೂಸಿ, “ಎನ್ನ ವಾಸನೈ?” ಎಂದು, ಯಾವ ವಾಸನೆ ಎಂಬಂತೆ, ಇವರನ್ನೇ ಕೇಳಿದಳು. ತಮಗೂ ಹೀಗೆಯೇ ಅಭ್ಯಾಸವಾಗಲು ಎಷ್ಟು ಕಾಲ ಬೇಕಾದೀತು ಎಂದು ಯೋಚಿಸುತ್ತ ಅವರು ಬಸ್ಸು ಹತ್ತಿದರು.

ಮುಂದಿನ ವಾರ ಅವಿನಾಶಿಗೆ ಹೋದರು. ಖಾಲಿ ಮನೆಯ ಎದುರು ಮುದುಕಿಯೊಬ್ಬಳು ಆಡನ್ನು ಗದರುತ್ತಿದ್ದಳು. “ಅಲ್ಲಿ ಹೋಗ್ಬೇಡ, ಇಂಗೆ ಬಾ!”

ರಾಮಮೂರ್ತಿ ನಿಂತಲ್ಲೇ ನಿಂತರು. “ಅಮ್ಮ, ನೀವು ಕನ್ನಡದವರಾ?”

“ಮನೇಲಿ ಪೇಸೋದು ಕನ್ನಡಾನೇ. ಬರೆಯಕ್ಕೆ, ಓದಕ್ಕೆ ತೆರಿಯಾದು.” ಓದುಬರಹ ಬಾರದೆಂದು ಕೈಯಾಡಿಸಿದ ಆಕೆಯ ಹೆಸರು ಕಮಲಾತಾಳ್.

“ಈ ಕಡೆಗೆ ಯಾವಾಗ ಬಂದಿರಿ?”

“ನಾನೆಲ್ಲಿಂದ ಬರ್ಲಿ? ನಮ್ಮ ಅಜ್ಜಿಯ ಪಾಟಿಗೂ ಇದೇ ಊರು. ನೀಮು ತಾನೇ ಈಗ ಬಂದಿರೋದು. ಕೂತ್ಕೊಳ್ಳಿ.”

ಅವರು ಕೂತರು. ಮನೆ ಹೇಗೆ ಎಂದು ಕೇಳಿದರು. ಕಮಲಾತಾಳ್ ಏನನ್ನೂ ಮುಚ್ಚಿಡಲಿಲ್ಲ. ಬೋರಿನದು ಉಪ್ಪುನೀರು, ಅದರಲ್ಲಿ ಬೇಳೆ ಬೇಯದು. ಸಿಹಿನೀರು ಬಂದ ದಿನವೇ ತುಂಬಿಟ್ಟುಕೊಳ್ಳಬೇಕು. ಮಾಲೀಕ ಒಳ್ಳೆಯವನು, ಆದರೆ ಬಾಯಿ ಜಾಸ್ತಿ. ಇಷ್ಟು ನಿಜ ಹೇಳುವ ಬೀದಿಯೇ ಸರಿ ಎಂದು ಅವರಿಗೆ ತೋರಿತು.

ಸಂಜೆ ಮನೆಯಲ್ಲಿ ಎಲ್ಲವನ್ನೂ ವರದಿ ಮಾಡಿದರು. ಕೇಳಿಸಿಕೊಂಡ ಧನಶ್ರೀಗೆ ಒಂದೇ ಪ್ರಶ್ನೆಯಿತ್ತು.

“ಮಾವ, ಕತ್ತಲಾದ ಮೇಲೆ ಬಸ್‌ಸ್ಟಾಪಿಂದ ಆ ಮನೆಗೆ ನಡೆದು ನೋಡಿದ್ರಾ?”

“ಇಲ್ಲಮ್ಮ. ಯಾಕೆ?”

“ಲ್ಯಾಬ್ ಇದ್ದ ದಿನ ನಾನು ಅದೇ ಹೊತ್ತಿಗೆ ಒಬ್ಬಳೇ ಬರಬೇಕಲ್ಲ.”

ರಾಮಮೂರ್ತಿ ಗಾಳಿ, ನೀರು, ಸದ್ದು ಎಲ್ಲವನ್ನೂ ನೋಡಿದ್ದರು. ಇದು ಅವರ ತಲೆಗೆ ಹೊಳೆದೇ ಇರಲಿಲ್ಲ.

ಮರುದಿನವೇ ಧನಶ್ರೀ ಕಾಲೇಜಿನಿಂದ ನೇರ ಅವಿನಾಶಿಗೆ ಹೋದಳು. ಕತ್ತಲಾದ ಮೇಲೆ, ಅಲ್ಲಿಗೆ ಬಂದಿದ್ದ ಮಾವನನ್ನು ಬಸ್‌ಸ್ಟಾಪಿನ ಟೀ ಅಂಗಡಿಯಲ್ಲಿ ಕೂರಿಸಿ, “ನೀವು ಬರಬೇಡಿ,” ಎಂದು ಒಬ್ಬಳೇ ಹೊರಟಳು. ಮೊದಲ ತಿರುವಿನಲ್ಲಿ ದೀಪವಿರಲಿಲ್ಲ. ಅವಳ ಹೆಜ್ಜೆ ಬಿರುಸಾಯಿತು. ಅದರಾಚೆ ಇಸ್ತ್ರಿ ಅಂಗಡಿ, ಮೆಟ್ಟಿಲ ಮೇಲೆ ಹೂ ಕಟ್ಟುತ್ತಿದ್ದ ಹೆಂಗಸರು. ಒಬ್ಬಳು ಯಾರ ಮನೆಗೆ ಎಂದಳು, ಮತ್ತೊಬ್ಬಳು ಯಾವ ಊರು ಎಂದಳು. ಕಮಲಾತಾಳಂತೂ ಅವಳನ್ನು ತಡೆದು ನಿಲ್ಲಿಸಿ, ಮದುವೆಯಾಗಿ ಎಷ್ಟು ವರ್ಷ ಎಂದೂ ಕೇಳಿದಳು.

ಟೀ ಅಂಗಡಿಯಲ್ಲಿ ಆರಿದ ಲೋಟ ಹಿಡಿದು ಕೂತಿದ್ದ ರಾಮಮೂರ್ತಿ ಸೊಸೆಯನ್ನು ಕಂಡು ಎದ್ದರು.

“ತುಂಬಾ ಪ್ರಶ್ನೆ ಕೇಳ್ತಾರೆ ಮಾವ. ಸ್ವಲ್ಪ ಕಿರಿಕಿರೀನೇ,” ಎಂದಳು ಧನಶ್ರೀ. ಆಮೇಲೆ ನಕ್ಕಳು. “ಆದರೆ ಯಾರೂ ನೋಡದೆ ಆ ಬೀದೀಲಿ ಒಂದು ಬೆಕ್ಕೂ ದಾಟೋಕಾಗಲ್ಲ. ಆ ತಿರುವಿಗೆ ಮಾಲೀಕ ಒಂದು ದೀಪ ಹಾಕಿಸ್ಕೊಟ್ರೆ ಬರೋಣ.”

ಮಾಲೀಕ ಗೊಣಗಿದ, ಆದರೂ ತಿರುವಿಗೆ ತಾಗಿದ ತನ್ನ ಕಾಂಪೌಂಡಿನ ಮೂಲೆಗೆ ಬಲ್ಬು ಹಾಕಿಸಿದ. ತೈ ಪೊಂಗಲ್ ಹಬ್ಬ ಮುಗಿದ ವಾರ ಮೂವರೂ ಆ ಮನೆಯ ಮುಂದೆ ಸಾಮಾನು ಇಳಿಸಿದರು.