ಬಸವರಾಜೇಶ್ವರಿಯ ಉಡಿ

ನಮ್ಮತ್ತೆ ಬಸವರಾಜೇಶ್ವರಿ ಹುಟ್ಟಿದ್ದು ಜತ್ತ ತಾಲ್ಲೂಕಿನ ಹಳ್ಳಿಯಲ್ಲಿ. ಮನೆಮಾತು ಕನ್ನಡ, ಊರು ಮಹಾರಾಷ್ಟ್ರದ್ದು. ರಾಜ್ಯ ವಿಂಗಡಿಸಿದವರು ಹಾಗೆ ಬಿಟ್ಟುಹೋದರು. ಆಮೇಲೆ ಆಯೋಗ ಬಂತು, ವರದಿ ಬಂತು, ಕೇಸು ಸುಪ್ರೀಂ ಕೋರ್ಟಿಗೂ ಹೋಯಿತು. ಊರು ಮಾತ್ರ ಇದ್ದಲ್ಲೇ ಇದೆ. ಮದುವೆಯಾಗಿ ಶಿವಮೊಗ್ಗದ ಗೋಪಾಳಕ್ಕೆ ಬಂದು ಮೊಮ್ಮಕ್ಕಳನ್ನು ಕಂಡರೂ ಅತ್ತೆ ನಮ್ಮಂತೆ 'ಮಡಿಲು ತುಂಬೋದು' ಅನ್ನಲಿಲ್ಲ. ಅವರದು 'ಉಡಿ ತುಂಬೂದು'. ವರ್ಷಕ್ಕೊಮ್ಮೆ ತಮ್ಮ ಶಿವಗೊಂಡ ಬಂದು ತವರಿನ ಅಕ್ಕಿ, ಕೊಬ್ಬರಿ, ಅರಿಶಿನ ಸೆರಗಿಗೆ ಹಾಕಿದರೇ ಅವರಿಗೆ ಸಮಾಧಾನ.

ಮಾವ ಓಂಕಾರಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಯಂತ್ರದ ಸದ್ದು ಮೀರಿ ಕೂಗಿ ಪಳಗಿದ ಗಂಟಲನ್ನು ನಿವೃತ್ತಿಯ ಮೇಲೆ ಕನ್ನಡ ಸಂಘಕ್ಕೆ ಧಾರೆಯೆರೆದಿದ್ದರು. ಒಮ್ಮೆ ಊಟಕ್ಕೆ ಕೂತಾಗ ಬೆಳಗಾವಿಯ ಮಾತು ಬಂದು, "ನೀವು ಮರಾಠಿಯೋರು, ನಿಮಗೇನ್ ಗೊತ್ತಾಗುತ್ತೆ ಬಿಡಿ" ಎಂದು ಭಾವಮೈದುನನಿಗೆ ಅಂದುಬಿಟ್ಟರು. ಅರ್ಧಕ್ಕೇ ಕೈ ತೊಳೆದು ಎದ್ದ ಶಿವಗೊಂಡ ಮತ್ತೆ ಇತ್ತ ತಲೆಹಾಕಲಿಲ್ಲ. ಅತ್ತೆ ಜಗಳವಾಡಲಿಲ್ಲ. ಹಬ್ಬಕ್ಕೆ ಹೊಸ ಸೀರೆ ಉಡುವುದನ್ನು ಬಿಟ್ಟರು, ಅಷ್ಟೇ. ಸೊಸೆಯಾದ ನನಗೇ ಮಾವನ ಮೇಲೆ ಕೆಂಡದಂಥ ಸಿಟ್ಟಿತ್ತು.

ಮೂರು ವರ್ಷದ ಮೇಲೆ ಶಿವಗೊಂಡ ಫೋನ್ ಮಾಡಿ, "ಅಕ್ಕಾ, ನಾಳಿಗಿ ಬರ್ತೀನಿ" ಅಂದರು. ಅತ್ತೆ ಗಂಡನಿಗೆ ಹೇಳಲೇ ಇಲ್ಲ. ಮರುದಿನವೇ ಗಡಿ ಗಲಾಟೆ ಹೊತ್ತಿಕೊಂಡಿತು. ಮಾವ ಸಂಘದವರೊಂದಿಗೆ ಬಸ್ ಸ್ಟ್ಯಾಂಡ್ ಬಳಿ ಮಹಾರಾಷ್ಟ್ರದ ಗಾಡಿ ತಡೆಯಲು ಹೋದರು. ಮುಂದಿನದನ್ನು ಹೇಳಿದ್ದು ಅಲ್ಲೇ ಇದ್ದ ಆಟೋ ಹಾಲೇಶ್. ಎಂ.ಎಚ್. ನಂಬರಿನ ಕಾರೊಂದು ಬಂದದ್ದೇ ತಡ, ಒಳಗೆ ಯಾರೆಂದೂ ನೋಡದೆ ಮಾವ ಬಾನೆಟ್ ಬಡಿದರಂತೆ.

"ಇಳಿಯಯ್ಯಾ ಕೆಳಗೆ! ಕನ್ನಡ ಮಾತಾಡು!"

ಗಂಟೊಂದನ್ನು ಅಪ್ಪಿಕೊಂಡು ಇಳಿದವರು ಶಿವಗೊಂಡ. "ಕನ್ನಡದಾಗ ಏನ್ ಮಾತಾಡ್ಲಿರಿ ಮಾಮಾ? ನಮ್ಮಕ್ಕ ಆರಾಮ ಅದಾಳೇನು?"

ನೂಕಾಟದಲ್ಲಿ ಗಂಟು ಬಿಚ್ಚಿ ಅಕ್ಕಿ ರಸ್ತೆಗೆ ಚೆಲ್ಲಿತು. ಮಾವ ಹೆಗಲ ಮೇಲಿನ ಹಳದಿ ಕೆಂಪು ಶಲ್ಯವನ್ನು ಹಾಸಿ, ನಡುರಸ್ತೆಯಲ್ಲಿ ಮಂಡಿಯೂರಿ ಅಕ್ಕಿ ಬಾಚತೊಡಗಿದರಂತೆ.

ಇಬ್ಬರೂ ಅದೇ ಕಾರಿನಲ್ಲಿ ಮನೆಗೆ ಬಂದರು. ಅತ್ತೆ ಎತ್ತಿಟ್ಟಿದ್ದ ಹೊಸ ಸೀರೆ ಉಟ್ಟು, ಮಣೆಯ ಮೇಲೆ ಕೂತು ಸೆರಗೊಡ್ಡಿದರು. ಶಿವಗೊಂಡ ಆ ಶಲ್ಯದಿಂದಲೇ ಅಕ್ಕಿ ಸುರಿದರು. ಅತ್ತೆ ಕೈಯಾಡಿಸಿ, ಕಲ್ಲೊಂದನ್ನು ಆರಿಸಿ ಮಾವನ ಅಂಗೈಯಲ್ಲಿಟ್ಟರು.

"ಅಕ್ಕಿ ನಮ್ಮೂರಿಂದು. ಇದು ನಿಮ್ಮೂರಿಂದು, ಇಟ್ಕೊಳ್ರಿ."

ನಾನು ನಕ್ಕುಬಿಟ್ಟೆ, ಅಳುವೂ ಬಂತು. ಮಾವ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಶಿವಗೊಂಡನ ಮುಂದೆ ನಿಂತರು. ಅಷ್ಟು ದೊಡ್ಡ ಗಂಟಲಿನಿಂದ ಅವತ್ತು ಸಣ್ಣ ದನಿ ಹೊರಟಿತು.

"ಊಟಕ್ಕೆ ಏಳಿ. ಇವತ್ತು ಅರ್ಧಕ್ಕೆ ಕೈ ತೊಳ್ಕೋಬೇಡಿ ಮಾರಾಯ್ರೆ."