ಮಾಮನ ಜೇಬಿನಲ್ಲಿ ಉಳಿದ ಫ್ಯೂಸು

ಮೊನ್ನೆ ಅತ್ತೆ ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಬಿಳಿ ಪಿಂಗಾಣಿ ಫ್ಯೂಸನ್ನು ನನ್ನ ಕೈಗಿಟ್ಟರು. ಟ್ರಂಕಿನಲ್ಲಿದ್ದ ಮಾಮನ ಖಾಕಿ ಕೋಟಿನ ಜೇಬಲ್ಲಿ ಸಿಕ್ಕಿತಂತೆ. ಮೂಸಿ ನೋಡಿದೆ. ಮಾಮನ ನಶ್ಯದ ವಾಸನೆ! ಮೂರು ವರ್ಷವಾದರೂ ಹೋಗಿರಲಿಲ್ಲ. ಅದು ನಮ್ಮ ಕೊಟ್ಟಿಗೆಯ ಫ್ಯೂಸು.

ಮಾಮ ಅಮ್ಮನಿಗೆ ದೂರದಿಂದ ಅಣ್ಣನಾಗಬೇಕು. ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಗಣಿ ಮುಚ್ಚಿದ ಮೇಲೂ ಕೋರಮಂಡಲ್‌ನ ಮನೆ ಬಿಟ್ಟು ಕದಲಲಿಲ್ಲ. ಬೇತಮಂಗಲದ ಬಸ್ಸು ಹತ್ತಿ ನಮ್ಮೂರಿಗೆ ಬಂದರೆ ಮೊದಲು ಕಾಫಿ, ಆಮೇಲೆ ನಮ್ಮ ಮೀಟರ್ ಬೋರ್ಡಿನ ತಪಾಸಣೆ.

ನಾನು ಬಂಗಾರಪೇಟೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುವವಳು. ಆಗ ನನಗೆ ಅಂಗೈಯಗಲದ ಕಂಪ್ಯೂಟರಿನ ಹುಚ್ಚು ಹಿಡಿದಿತ್ತು. ಕೊಟ್ಟಿಗೆಯಲ್ಲಿ ಸೆಕೆ ಏರಿದರೆ ಸೀಮೆಹಸುಗಳಿಗೆ ಫ್ಯಾನು ತಾನೇ ತಿರುಗಬೇಕು! ಕಂಪ್ಯೂಟರಿಗೆ ಐದು ವೋಲ್ಟ್ ಸಾಕು, ಫ್ಯಾನಿಗೆ ಇನ್ನೂರ ಮೂವತ್ತು ಬೇಕು. ನಡುವೆ ರಿಲೇ ಅನ್ನುವ ಪುಟ್ಟ ಸ್ವಿಚ್ಚು. ಕೀಲಿ ಒತ್ತಿದೆ. ಟಿಕ್! ಫ್ಯಾನು ನಿಂತಿತು. ಮತ್ತೆ ಒತ್ತಿದೆ, ತಿರುಗಿತು. ಕುಣಿದುಬಿಟ್ಟೆ. ಇನ್ನೊಮ್ಮೆ ನಿಲ್ಲಿಸಿ, "ಅಮ್ಮಾ, ಫ್ಯಾನು ಆಫಾಗೈತೆ, ಜೇಡರ ಬಲೆ ಕಟ್ಟೈತೆ, ಒರೆಸಿಬಿಡು" ಅಂತ ಕೂಗಿದೆ. ಮುಚ್ಚಳ ಬಿದ್ದುಹೋಗಿ ವೈರಿನ ತುದಿ ಕಾಣುತ್ತಿದ್ದ ಹಳೇ ಫ್ಯಾನು ಅದು. ಅಮ್ಮ ತೊಳೆದ ನೆಲದ ಮೇಲೆ ಬರಿಗಾಲಲ್ಲಿ, ಒದ್ದೆ ಬಟ್ಟೆ ಹಿಡಿದು ಹೊರಟಳು.

"ನಿಂತ್ಕೊಳಮ್ಮಾ!"

ಬಾಗಿಲಲ್ಲಿ ಮಾಮ. ಟೆಸ್ಟರ್ ತೆಗೆದು ಫ್ಯಾನಿನ ವೈರಿಗೆ ಮುಟ್ಟಿಸಿದರು. ಕೆಂಪಗೆ ಉರಿಯಿತು.

"ಫ್ಯಾನು ನಿಂತೈತೆ ಅಮ್ಮಣ್ಣಿ, ಕರೆಂಟು ನಿಂತಿಲ್ಲ."

ರಿಲೇಯನ್ನು ಫೇಸ್ ವೈರಿಗೆ ಹಾಕುವ ಬದಲು ನ್ಯೂಟ್ರಲ್ಲಿಗೆ ಹಾಕಿದ್ದೆ. ಕರೆಂಟು ಹೋಗುವ ದಾರಿ ಮುಚ್ಚಿದ್ದೆ, ಬರುವ ದಾರಿ ತೆರೆದೇ ಇತ್ತು. ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಅಮ್ಮ...

ಮಾಮ ಬಯ್ಯಲಿಲ್ಲ. ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರು. ಗಣಿಯಲ್ಲಿ ಅವರು ಪಾಲಿಸಿಕೊಂಡು ಬಂದ ಪದ್ಧತಿ ಅದು. ಫ್ಯೂಸು ಕಿತ್ತವನ ಜೇಬಲ್ಲೇ ಇರಬೇಕು, ಕೆಲಸ ಮುಗಿದ ಮೇಲೆ ಅವನೇ ಹಾಕಬೇಕು. ಇನ್ಯಾರೋ ತಿಳಿಯದೆ ಹಾಕಿದರೆ ವೈರು ಹಿಡಿದವನ ಕಥೆ ಮುಗಿಯಿತು. ಇಬ್ಬರೂ ಕೂತು ಎಲ್ಲ ಬಿಚ್ಚಿ ಕಟ್ಟಿದೆವು. ಫೇಸಿಗೆ ರಿಲೇ, ಫ್ಯಾನಿನ ಮೈಗೆ ಅರ್ಥಿಂಗ್, ವೈರಿನ ತುದಿಗಳೆಲ್ಲ ಮುಚ್ಚಿದ ಡಬ್ಬಿಯೊಳಗೆ. ಈ ರಿಲೇ ಬೋರ್ಡಿನಲ್ಲಿ ಕಂಪ್ಯೂಟರಿನ ಕಡೆಯಿಂದ ಆಚೆಗೆ ವೈರಿಲ್ಲ, ಅದರ ಸೂಚನೆ ಬೆಳಕಾಗಿಯಷ್ಟೇ ದಾಟುತ್ತದೆ ಅಂತ ನಾನು ಅಂದಾಗ ಮಾಮ ಕನ್ನಡಕ ಏರಿಸಿದರು.

"ಅಂಗಾ! ಅವತ್ತು ನಮ್ಗೆ ಇಂಥವು ಇದ್ದಿದ್ರೆ..."

ಗಣಿಯಲ್ಲಿ ಕರೆಂಟು ಹೊಡೆದು ಹೋದ ಯಾರ ನೆನಪಾಯಿತೋ.

ಅಷ್ಟರಲ್ಲಿ ಐದರ ಬಸ್ಸಿನ ಹಾರನ್ ಕೇಳಿ ಮಾಮ ಓಡಿದರು. ಫ್ಯೂಸು ಅವರ ಜೇಬಲ್ಲೇ! ಸ್ಕೂಟರ್ ಹತ್ತಿ ಕೋರಮಂಡಲ್‌ವರೆಗೆ ಅಟ್ಟಿಸಿಕೊಂಡು ಹೋದೆ. ಕೊಡಿ, ನಾನೇ ಹಾಕಿಕೊಳ್ಳುತ್ತೇನೆ ಅಂದರೆ ಕೊಡಲೊಲ್ಲರು.

"ತೆಗ್ದೋನೇ ಆಕ್ಬೇಕು. ನಡಿ, ಬತ್ತೀನಿ."

ಸ್ಕೂಟರಿನ ಹಿಂದೆ ಕೂತು ಅಷ್ಟು ದೂರ ವಾಪಸು ಬಂದರು! ಎಲ್ಲರನ್ನೂ ದೂರ ನಿಲ್ಲಿಸಿ ಫ್ಯೂಸು ಹಾಕಿದರು. ಟಿಕ್! ತಿರುಗಿತು. ಟಿಕ್! ನಿಂತಿತು. ಈ ಸಲ ಟೆಸ್ಟರ್ ಉರಿಯಲಿಲ್ಲ. ಮಾಮ ನನಗಿಂತ ಜೋರಾಗಿ ಚಪ್ಪಾಳೆ ಹೊಡೆದರು, ಹಸುಗಳು ಬೆದರಿದವು.

ಮರುವರ್ಷ ಎರಡನೇ ಫ್ಯಾನು ಕೂರಿಸಲು ಬಂದರು. ಫ್ಯೂಸು ಕಿತ್ತು ಜೇಬಿಗಿಟ್ಟು ಅರ್ಧ ಕೆಲಸ ಮಾಡುವಷ್ಟರಲ್ಲಿ ಸುಸ್ತಾಯಿತು. "ನಾಳೆ ಬತ್ತೀನಿ, ಯಾರೂ ಮುಟ್ಬ್ಯಾಡ್ರಿ" ಅಂದು ಹೋದರು. ಮರುದಿನ ಬಂದದ್ದು ಅವರು ಹೋದ ಸುದ್ದಿ... ಹಸುಗಳಿಗಾಗಿ ಹೊಸ ಫ್ಯೂಸು ತಂದು ಹಾಕಿದೆವು. ಎರಡನೇ ಫ್ಯಾನಿನ ವೈರು ಮಾತ್ರ ಟೇಪು ಸುತ್ತಿಸಿಕೊಂಡು ಹಾಗೇ ಉಳಿಯಿತು. ಅದನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ.

ಇವತ್ತು ಬೆಳಿಗ್ಗೆ ಹೊಸ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಟೆಸ್ಟರ್ ಹಿಡಿದು ಮೂರು ಸಲ ನೋಡಿ, ಉಳಿದರ್ಧ ಕೆಲಸ ಮುಗಿಸಿದೆ. ಮಾಮನ ಫ್ಯೂಸಿಗೆ ಹೊಸ ತಂತಿ ಕಟ್ಟಿದೆ. ನಾನು ಹೇಳದೆಯೇ ಅಮ್ಮ ದೂರ ಹೋಗಿ ನಿಂತಳು. ತೆಗೆದವರು ಇನ್ನು ಬರುವುದಿಲ್ಲ. ನಾನೇ ಹಾಕಿದೆ.

ಟಿಕ್! ಎರಡೂ ಫ್ಯಾನು ತಿರುಗಿದವು. ಅಮ್ಮ ಅಳುತ್ತಲೇ ಚಪ್ಪಾಳೆ ಹೊಡೆದಳು.